ಸೊಮ್ಯಾಟಿಕ್ ಥೆರಪಿ ಅಂದ್ರೆ ಏನು? ದುಡ್ಡು ಕಟ್ಟೋ ಮುಂಚೆ ಒಮ್ಮೆ ಓದಿ

ಕೊತ್ರೂಡ್ ಅಕ್ಕ (ಪುಣೆ)

ಎಲ್ಲರಿಗೂ ನಮಸ್ಕಾರ. ಸಂಘದ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಸೊಮ್ಯಾಟಿಕ್ ಥೆರಪಿ ಶಿಬಿರದ ಒಂದು ಪೋಸ್ಟರ್ ಸುತ್ತುತ್ತಿದೆ. ದೇಹದಲ್ಲಿ ಸಿಕ್ಕಿಬಿದ್ದ ನೋವನ್ನು ಎರಡೇ ದಿನದಲ್ಲಿ ಹೊರಹಾಕುತ್ತಾರಂತೆ. ಗೋವಾದಲ್ಲಿ, ಸಮುದ್ರದ ಪಕ್ಕ, ಊಟ ವಸತಿ ಸೇರಿ. ಹೋಗಬಹುದಾ ಎಂದು ಸುಮಾರು ಜನ ನನಗೆ ಮೆಸೇಜ್ ಮಾಡಿದ್ದಾರೆ. ನಾನು ಇಲ್ಲಿ ಕೌನ್ಸೆಲಿಂಗ್ ಮಾಡುವವಳು, ದೇಹದ ಕಡೆಯಿಂದ ಕೆಲಸ ಮಾಡುವ ವಿಧಾನವನ್ನೂ ಕಲಿತಿದ್ದೇನೆ. ಒಬ್ಬೊಬ್ಬರಿಗೇ ಉತ್ತರಿಸುವ ಬದಲು ಇಲ್ಲೇ ಬರೆಯುತ್ತೇನೆ, ಪ್ರಶ್ನೆ ಇದ್ದರೆ ಕೇಳಿ.

ಮಾತಿನ ಚಿಕಿತ್ಸೆಯಲ್ಲಿ ಏನಾಯಿತು, ಆಗ ಏನನ್ನಿಸಿತು, ಏನು ಯೋಚನೆ ಬಂತು ಎಂದು ಕೇಳುತ್ತಾರೆ. ಸೊಮ್ಯಾಟಿಕ್, ಅಂದರೆ ದೇಹ ಕೇಂದ್ರಿತ ಮನೋಚಿಕಿತ್ಸೆಯಲ್ಲಿ ಇದೆಲ್ಲ ಇದ್ದೇ ಇರುತ್ತದೆ. ಜೊತೆಗೆ ಇನ್ನೊಂದು ಪ್ರಶ್ನೆ ಬರುತ್ತದೆ. ಈಗ, ಇದನ್ನು ಹೇಳುತ್ತಿರುವಾಗ, ಮೈಯಲ್ಲಿ ಏನಾಗುತ್ತಿದೆ?

ಒಂದು ಉದಾಹರಣೆ ಕೊಡುತ್ತೇನೆ. ಕಲ್ಪಿತ, ನನ್ನ ಹತ್ತಿರ ಬರುವ ಯಾರದ್ದೂ ಅಲ್ಲ. ಹಿಂಜವಡಿಯಲ್ಲಿ ಕೆಲಸ ಮಾಡುವ ಒಬ್ಬರು ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಬೈಸಿಕೊಂಡಿದ್ದನ್ನು ಹೇಳುತ್ತಿದ್ದಾರೆ. ನಗುತ್ತಲೇ ಹೇಳುತ್ತಿದ್ದಾರೆ. ಆದರೆ ದವಡೆ ಬಿಗಿದಿದೆ, ಬಲಗಾಲು ನೆಲವನ್ನು ಒತ್ತುತ್ತಿದೆ. ಥೆರಪಿಸ್ಟ್ ಕಥೆಯನ್ನು ಅಲ್ಲೇ ನಿಲ್ಲಿಸುತ್ತಾರೆ. "ಆ ಕಾಲು ಏನೋ ಮಾಡ್ತಾ ಇದೆ ಅಲ್ವಾ? ಸ್ವಲ್ಪ ಹೊತ್ತು ಅದನ್ನೇ ನೋಡೋಣ." ಇನ್ನೂ ಒತ್ತಬೇಕು ಅನಿಸುತ್ತದೆ. ಒತ್ತಿ, ಆದರೆ ನಿಧಾನವಾಗಿ ಎನ್ನುತ್ತಾರೆ. ಒತ್ತುತ್ತಾ ಒತ್ತುತ್ತಾ ಬೆನ್ನು ನೇರ ಆಗುತ್ತದೆ, ಉದ್ದ ಉಸಿರೊಂದು ಬರುತ್ತದೆ. "ಅವತ್ತು ಎದ್ದು ಹೊರಗೆ ಹೋಗಬೇಕು ಅನಿಸಿತ್ತು, ಹೋಗೋಕೆ ಆಗಲಿಲ್ಲ" ಎಂಬ ಮಾತು ಆಗ ಬರುತ್ತದೆ. ಮುಂಚೆ ಅವರಿಗೂ ಅದು ಗೊತ್ತಿರಲಿಲ್ಲ. ಅವತ್ತಿಗೆ ಅಷ್ಟೇ ಸಾಕು. ಆಮೇಲೆ ಕಿಟಕಿಯಾಚೆ ಮರ ನೋಡುತ್ತಾರೆ, ನೀರು ಕುಡಿಯುತ್ತಾರೆ, ಬೇರೆ ಮಾತಾಡುತ್ತಾರೆ.

ಇದರ ಹಿಂದಿನ ಲೆಕ್ಕ ಸರಳ. ಅಪಾಯ ಕಂಡರೆ ಹೊಡೆದಾಡಲು ಅಥವಾ ಓಡಲು ದೇಹ ತಯಾರಾಗುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದನ್ನು 20ನೇ ಶತಮಾನದ ಶುರುವಿನಲ್ಲೇ ವಿವರಿಸಿದ್ದರು. ಎರಡಕ್ಕೂ ದಾರಿ ಇಲ್ಲದಿದ್ದರೆ ಮೈ ಸ್ತಬ್ಧವಾಗುತ್ತದೆ. ಅಪಾಯ ಮುಗಿದ ಮೇಲೂ ಕೆಲವರಲ್ಲಿ ಆ ತಯಾರಿ ಇಳಿಯುವುದೇ ಇಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಾರೆ, ನಿದ್ದೆ ಹತ್ತುವುದಿಲ್ಲ, ಹೊಟ್ಟೆ ಸರಿ ಇರುವುದಿಲ್ಲ. ಇನ್ನು ಕೆಲವರಿಗೆ ಉಲ್ಟಾ, ಏನೂ ಅನಿಸುವುದೇ ಇಲ್ಲ.

ಕೆಲಸ ಮಾಡುವ ರೀತಿಯಲ್ಲಿ ಎರಡು ವಿಷಯ ಮುಖ್ಯ. ಒಂದು, ಕಷ್ಟದ ಅನುಭವದ ಹತ್ತಿರ ಸ್ವಲ್ಪ ಹೋಗುವುದು, ಮೈಯಲ್ಲಿ ಎಲ್ಲಿ ಹಾಯಾಗಿದೆಯೋ ಅಲ್ಲಿಗೆ ವಾಪಸ್ ಬರುವುದು, ಮತ್ತೆ ಹೋಗುವುದು. ಇನ್ನೊಂದು, ಒಂದು ಸಲಕ್ಕೆ ಸ್ವಲ್ಪವೇ ತೆಗೆದುಕೊಳ್ಳುವುದು. ಇದನ್ನು ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಎಂಬ ಪದ್ಧತಿ ಶುರುಮಾಡಿದ ಪೀಟರ್ ಲೆವಿನ್ ಟೈಟ್ರೇಷನ್ ಎನ್ನುತ್ತಾರೆ. ಪಿಯುಸಿ ಲ್ಯಾಬ್‌ನಲ್ಲಿ ಬ್ಯೂರೆಟ್‌ನಿಂದ ಆ್ಯಸಿಡ್ ಹನಿಹನಿಯಾಗಿ ಬಿಡುತ್ತಿದ್ದೆವಲ್ಲ, ಹಾಗೆ. ಒಟ್ಟಿಗೆ ಸುರಿದರೆ ಪ್ರಯೋಗ ಕೆಡುತ್ತದೆ ಎಂಬುದು ಸೈನ್ಸ್ ಓದಿದವರಿಗೆ ಗೊತ್ತು.

ಪೋಸ್ಟರ್ ನೋಡಿ ನನಗೆ ಸಿಟ್ಟು ಬಂದಿದ್ದು ಇದಕ್ಕೇ. ನಿಧಾನವೇ ಇಲ್ಲಿನ ಸುರಕ್ಷತೆ. ಅದನ್ನೇ ತೆಗೆದುಹಾಕಿ ಎರಡು ದಿನದ ಪ್ಯಾಕೇಜ್ ಮಾಡಿದ್ದಾರೆ.

ಕಲ್ಯಾಣ್ ಲೋಕಲ್

ಮೇಡಂ, ಚೆನ್ನಾಗಿ ಬರೆದಿದ್ದೀರಿ. ಆದ್ರೂ ನನಗೆ ಡೌಟು. ಇನ್‌ಸ್ಟಾಗ್ರಾಂ ತೆಗೆದರೆ ಸಾಕು, ಸೊಂಟದಲ್ಲಿ ದುಃಖ ಸೇರಿಕೊಂಡಿರುತ್ತೆ, ಭುಜದಲ್ಲಿ ಜವಾಬ್ದಾರಿ ಕೂತಿರುತ್ತೆ, ಈ ಭಂಗಿ ಮಾಡಿದರೆ ಅಪ್ಪನ ಮೇಲಿನ ಸಿಟ್ಟು ಹೊರಗೆ ಹೋಗುತ್ತೆ ಅಂತೆಲ್ಲ ರೀಲ್ಸ್. ನಾನು ಬ್ಯಾಂಕಿನವನು, ಲೆಕ್ಕ ಕೇಳುವವನು. ಸ್ನಾಯುವಿನಲ್ಲಿ ನೆನಪು ಇರುತ್ತೆ ಅನ್ನೋದಕ್ಕೆ ಪುರಾವೆ ಏನು? ಇದು ಕೆಲಸ ಮಾಡುತ್ತೆ ಅಂತ ಯಾರಾದರೂ ಅಳೆದು ನೋಡಿದ್ದಾರಾ?

ಕೊತ್ರೂಡ್ ಅಕ್ಕ

ಸರ್, ರೀಲ್ಸ್ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಇಂಥ ದುಃಖ ಇಂಥ ಸ್ನಾಯುವಿನಲ್ಲಿ ಇದೆ ಎಂದು ನಕ್ಷೆ ಬರೆದುಕೊಡುವುದಕ್ಕೆ ಆಧಾರ ಇಲ್ಲ. ಕಲಿಯುವುದು ಮೆದುಳು ಮತ್ತು ನರವ್ಯೂಹ. ಬೆದರಿದಾಗೆಲ್ಲ ಹೆಗಲು ಎತ್ತುವುದು, ಉಸಿರು ಹಿಡಿಯುವುದು ಅಭ್ಯಾಸವಾಗಿ ಬಿಡುತ್ತದೆ. ನೋಯುವುದು ಹೆಗಲು, ಅಭ್ಯಾಸ ಇರುವುದು ನರದಲ್ಲಿ. ಭಾವನೆಗೂ ಮೈಗೂ ಇರುವ ನಂಟು ಮಾತ್ರ ಸುಳ್ಳಲ್ಲ. 2013ರಲ್ಲಿ ಫಿನ್ಲೆಂಡ್‌ನ ಲೌರಿ ನುಮ್ಮೆನ್ಮಾ ತಂಡ ಸುಮಾರು 700 ಜನರಿಗೆ ದೇಹದ ಚಿತ್ರ ಕೊಟ್ಟು, ಯಾವ ಭಾವನೆ ಬಂದಾಗ ಎಲ್ಲಿ ಚುರುಕಾಗುತ್ತದೆ, ಎಲ್ಲಿ ಮಂಕಾಗುತ್ತದೆ ಎಂದು ಬಣ್ಣ ಹಚ್ಚಿಸಿತು. ಯುರೋಪಿನವರ ಚಿತ್ರಕ್ಕೂ ತೈವಾನಿನವರ ಚಿತ್ರಕ್ಕೂ ಚೆನ್ನಾಗಿ ಹೊಂದಿಕೆ ಇತ್ತು. ಸಿಟ್ಟಿಗೆ ಎದೆ ಮತ್ತು ಕೈ, ಖಿನ್ನತೆಗೆ ಮಂಕಾದ ಕೈಕಾಲು. ಆದರೆ ಇದು ಜನ ಹೇಳಿಕೊಂಡ ಅನುಭವ. ಸೊಂಟದಲ್ಲಿ ದುಃಖ ಸಂಗ್ರಹವಾಗಿದೆ ಎಂಬುದಕ್ಕೆ ಇದನ್ನು ಸಾಕ್ಷಿ ಮಾಡಬಾರದು.

ಅಳತೆಯ ವಿಷಯ. ಲೆವಿನ್ ವಿಧಾನದ ಮೇಲೆ 2017ರಲ್ಲಿ ಇಸ್ರೇಲಿನಲ್ಲಿ ಒಂದು ಒಳ್ಳೆಯ ಪ್ರಯೋಗ ಪ್ರಕಟವಾಯಿತು. 63 ಜನ, ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪಿಗೆ 15 ಸೆಷನ್, ಇನ್ನೊಂದು ಕಾಯುವ ಪಟ್ಟಿಯಲ್ಲಿ. ಚಿಕಿತ್ಸೆ ಪಡೆದವರಲ್ಲಿ ಆಘಾತದ ಲಕ್ಷಣಗಳೂ ಖಿನ್ನತೆಯೂ ಗಮನಾರ್ಹವಾಗಿ ತಗ್ಗಿದವು. ಒಳ್ಳೆಯ ಸುದ್ದಿಯೇ. ಆದರೆ ಸುಮ್ನೆ ಕಾಯುವವರಿಗಿಂತ ಮೇಲು ಎಂಬುದು ದೊಡ್ಡ ಗೆಲುವಲ್ಲ. ಆಘಾತದ ನಂತರದ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೆಸರಿಸಿ ಸೂಚಿಸಿದವುಗಳಲ್ಲಿ ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಷ್ಟದ ನೆನಪು ತಂದುಕೊಳ್ಳುತ್ತಾ ಕಣ್ಣನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ) ಸೇರಿವೆ. ಅವಕ್ಕಿರುವಷ್ಟು ಪುರಾವೆ ನಮ್ಮ ಕಡೆ ಇನ್ನೂ ಇಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದ್ರೆ, ಖಾತೆ ತೆರೆದಿದೆ, ಬ್ಯಾಲೆನ್ಸ್ ಕಡಿಮೆ.

ಇನ್ನು ಪಾಲಿವೇಗಲ್ ಸಿದ್ಧಾಂತ. ಮೆದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಬೇರೆ ಬೇರೆ ಕವಲುಗಳು ನಮ್ಮ ನಿರಾಳ, ಸ್ತಬ್ಧ ಸ್ಥಿತಿಗಳನ್ನು ನಡೆಸುತ್ತವೆ ಎನ್ನುವ ವಾದ ಅದು. ಸ್ಟೀಫನ್ ಪೋರ್ಜಸ್ 1994ರಲ್ಲಿ ಮುಂದಿಟ್ಟರು, ಈಗ ಎಲ್ಲ ವರ್ಕ್‌ಶಾಪ್‌ಗಳಲ್ಲೂ ಅದೇ ಪಾಠ. ಥೆರಪಿಸ್ಟ್‌ಗಳಿಗೆ ಅದು ಅನುಕೂಲದ ಚಿತ್ರ, ನಾನೂ ಬಳಸುತ್ತೇನೆ. ಆದರೆ ಅದರ ಶರೀರಶಾಸ್ತ್ರದ ಬಗ್ಗೆ ಆ ವಿಷಯದ ತಜ್ಞರಲ್ಲೇ ಜೋರು ತಕರಾರು ಇದೆ. ಅದನ್ನು ಸಾಬೀತಾದ ವಿಜ್ಞಾನ ಎಂದು ಹೇಳಿ ಫೀಸ್ ತೆಗೆದುಕೊಳ್ಳುವವರನ್ನು ನೀವು ಧಾರಾಳವಾಗಿ ಪ್ರಶ್ನೆ ಕೇಳಿ.

ಡೆಕ್ಕನ್ ರಾಯರು (ಪುಣೆ)

ಇದು ಹೊಸದೇನಲ್ಲ ತಂಗಿ. ನಾನು 70ರ ದಶಕದಿಂದ ಪುಣೆಯಲ್ಲಿದ್ದೇನೆ. ಕೋರೆಗಾಂವ್ ಪಾರ್ಕ್‌ನಲ್ಲಿ ರಜನೀಶರ (ಓಶೋ) ಆಶ್ರಮ ಶುರುವಾಗಿದ್ದು 1974ರಲ್ಲಿ. ಆಗ ಮರೂನ್, ಕೇಸರಿ ಬಟ್ಟೆಯ ಫಾರಿನ್‌ನವರು ಸೈಕಲ್ ತುಳಿದುಕೊಂಡು ಓಡಾಡುತ್ತಿದ್ದರು. ನಮ್ಮ ಸದಾಶಿವ ಪೇಟೆಯ ಸಂಪ್ರದಾಯಸ್ಥರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು, ಆದರೆ ಕಿವಿ ಮಾತ್ರ ಆ ಕಡೆಗೇ! ಒಳಗೆ ಎದುರುಬದುರು ಕೂತು ಭಾವನೆ ಹೊರಹಾಕುವ ಎನ್‌ಕೌಂಟರ್ ಗ್ರೂಪ್, ಬಾಲ್ಯದ ನೋವನ್ನು ಕಿರುಚಿ ತೆಗೆಯುವ ಪ್ರೈಮಲ್ ಥೆರಪಿ, ಮೈ ಒತ್ತಿ ಬಿಗಿ ಸಡಿಲಿಸುವ ರೈಖ್ ಪದ್ಧತಿಯ ಬಾಡಿವರ್ಕ್, ಎಲ್ಲ ನಡೆಯುತ್ತಿತ್ತು. ಯುರೋಪ್ ಅಮೆರಿಕದ ಥೆರಪಿಸ್ಟ್‌ಗಳೇ ಬಂದು ನಡೆಸುತ್ತಿದ್ದರು. ಕೆಲವು ಗುಂಪುಗಳಲ್ಲಿ ಹೊಡೆದಾಟ ಆಗಿ ಮೂಳೆ ಮುರಿದುಕೊಂಡಿದ್ದೂ ಉಂಟು. ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆ ಇಂಥ ಪ್ರಯೋಗಗಳ ತವರು. ಅದನ್ನು 1962ರಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬರು ರಿಚರ್ಡ್ ಪ್ರೈಸ್. ಅವರೇ ಇಲ್ಲಿಗೆ ಬಂದು ಗ್ರೂಪ್‌ನಲ್ಲಿ ಕೂತು, ಅಲ್ಲಿನ ಹಿಂಸೆಯನ್ನು ಖಂಡಿಸಿ ಹೊರಟುಹೋದರು.

ರಜನೀಶರ ಡೈನಾಮಿಕ್ ಧ್ಯಾನ ಅದಕ್ಕೂ ಮುಂಚಿನದು, 1970ರದ್ದು. 10 ನಿಮಿಷ ಜೋರು ಉಸಿರಾಟ, 10 ನಿಮಿಷ ಅಳು, ನಗು, ಕಿರುಚಾಟ, 10 ನಿಮಿಷ ಹೂ ಹೂ ಎಂದು ಕುಪ್ಪಳಿಸುವುದು, 15 ನಿಮಿಷ ಇದ್ದಲ್ಲೇ ಕಲ್ಲಾಗಿ ನಿಲ್ಲುವುದು, 15 ನಿಮಿಷ ಕುಣಿತ. ನಮ್ಮ ಆಫೀಸಿನವನೊಬ್ಬ ಮಾಡುತ್ತಿದ್ದ, ಹಗುರ ಆಗುತ್ತೆ ಅನ್ನುತ್ತಿದ್ದ. ಈಗ ನೀವು ನಿಧಾನ ನಿಧಾನ ಅನ್ನುತ್ತೀರಿ. ಒಳಗಿರುವುದನ್ನು ಕಕ್ಕಿಬಿಟ್ಟರೆ ತಪ್ಪೇನು?

ಕೊತ್ರೂಡ್ ಅಕ್ಕ

ರಾಯರೇ, ನೀವು ಇತಿಹಾಸದ ಬಾಗಿಲನ್ನೇ ತೆಗೆದಿರಿ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ರೈಖ್ ಪದ್ಧತಿ ಎಂದಿರಲ್ಲ, ಆ ವಿಲ್ಹೆಲ್ಮ್ ರೈಖ್ 1897ರಲ್ಲಿ ಹುಟ್ಟಿದವರು, ವಿಯೆನ್ನಾದಲ್ಲಿ, ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಬಳಗದ ಚುರುಕು ಹುಡುಗ. ಫ್ರಾಯ್ಡ್ ರೋಗಿಯನ್ನು ಮಂಚದಲ್ಲಿ ಮಲಗಿಸಿ, ತಾವು ತಲೆಯ ಹಿಂದೆ, ಕಣ್ಣಿಗೆ ಬೀಳದ ಹಾಗೆ ಕೂರುತ್ತಿದ್ದರು. ಏನು ಹೇಳುತ್ತಾರೆ ಎನ್ನುವುದಕ್ಕಿಂತ ಹೇಗೆ ಹೇಳುತ್ತಾರೆ ಎನ್ನುವುದರ ಮೇಲೆ ರೈಖ್ ಕಣ್ಣಿಟ್ಟರು. ಸೆಟೆದ ಕುತ್ತಿಗೆ, ಗಟ್ಟಿಯಾದ ಹೊಟ್ಟೆ, ಅರ್ಧಕ್ಕೇ ನಿಲ್ಲುವ ಉಸಿರು. ಮನಸ್ಸು ತಡೆದಿದ್ದನ್ನು ಸ್ನಾಯುವೂ ತಡೆದು ಹಿಡಿಯುತ್ತದೆ, ಅದೇ ಮೈಯ ಕವಚ ಎಂದರು. ಇವತ್ತಿನ ಬಹುತೇಕ ಪದ್ಧತಿಗಳ ಬೇರು ಅಲ್ಲಿದೆ. 1934ರಲ್ಲಿ ಮನೋವಿಶ್ಲೇಷಕರ ಸಂಘ ಅವರನ್ನು ಹೊರಗೆ ಹಾಕಿತು. ನಾರ್ವೆಗೆ ಹೋದರು, 1939ರಲ್ಲಿ ಅಮೆರಿಕಕ್ಕೆ. ಅಲ್ಲಿ ಆರ್ಗೋನ್ ಎಂಬ ವಿಶ್ವಶಕ್ತಿ ಕಂಡುಹಿಡಿದೆ ಎಂದು ಹೇಳಿ ಅದನ್ನು ಹಿಡಿದಿಡುವ ಪೆಟ್ಟಿಗೆ ಮಾಡಿದರು. 1954ರಲ್ಲಿ ಕೋರ್ಟ್ ತಡೆ ಹಾಕಿತು. ಆದೇಶ ಮೀರಿದ್ದಕ್ಕೆ ಶಿಕ್ಷೆ ಆಯಿತು, ಪುಸ್ತಕಗಳನ್ನು ಸುಟ್ಟರು, 1957ರಲ್ಲಿ ಜೈಲಿನಲ್ಲೇ ತೀರಿಕೊಂಡರು. ಒಳ್ಳೆಯ ಕಣ್ಣಿದ್ದ ಮನುಷ್ಯ. ಅಳತೆ ತಪ್ಪಿದ ಮೇಲೆ ತಡೆಯುವವರು ಜೊತೆಯಲ್ಲಿರಲಿಲ್ಲ. ಈ ಕ್ಷೇತ್ರದ ಬಲ ಮತ್ತು ರೋಗ ಎರಡೂ ಒಬ್ಬರಲ್ಲೇ ಸಿಗುತ್ತವೆ.

ಅವರ ಶಿಷ್ಯ ಅಲೆಕ್ಸಾಂಡರ್ ಲೋವೆನ್ ನ್ಯೂಯಾರ್ಕಿನಲ್ಲಿ ಬಯೋಎನರ್ಜೆಟಿಕ್ಸ್ ಎಂಬ ಪದ್ಧತಿ ಕಟ್ಟಿದರು. ಹಾಸಿಗೆ ಒದೆಯುವುದು, ಟೆನಿಸ್ ರಾಕೆಟ್‌ನಿಂದ ದಿಂಬಿಗೆ ಬಾರಿಸುವುದು ಆ ಕಾಲದ್ದು. ಕಕ್ಕಿಬಿಡುವ ನಂಬಿಕೆ ಪುಣೆಗೆ ಬಂದಿದ್ದೂ ಆ ದಾರಿಯಲ್ಲೇ.

ನಿಮ್ಮ ಪ್ರಶ್ನೆಗೆ ಉತ್ತರ 2002ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ ಮಾಡಿದ ಪ್ರಯೋಗದಲ್ಲಿದೆ. 600 ವಿದ್ಯಾರ್ಥಿಗಳಿಗೆ ಬೇಕಂತಲೇ ಸಿಟ್ಟು ಬರಿಸಿದರು. ಕೆಲವರು ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಹೊಡೆದರು, ಕೆಲವರು ವ್ಯಾಯಾಮ ಎಂದುಕೊಂಡು ಹೊಡೆದರು, ಕೆಲವರು ಸುಮ್ನೆ ಕೂತರು. ನೆನೆಯುತ್ತಾ ಹೊಡೆದವರ ಸಿಟ್ಟೇ ಎಲ್ಲರಿಗಿಂತ ಜಾಸ್ತಿ ಉಳಿಯಿತು. ಸುಮ್ನೆ ಕೂತವರೇ ವಾಸಿ. ನಿಮ್ಮ ಆಫೀಸಿನವರಿಗೆ ಹಗುರ ಆಗಿದ್ದು ನಿಜವೇ ಇರಬಹುದು, ಒಂದು ಗಂಟೆ ಕುಣಿದರೆ ಯಾರಿಗೂ ಹಗುರ ಆಗುತ್ತೆ. ಅದು ವಾಸಿಯಾಗುವುದಕ್ಕೆ ಸಮ ಅಲ್ಲ.

ನನಗೆ ಇಷ್ಟವಾದ ಇಬ್ಬರ ಹೆಸರು ಪೋಸ್ಟರ್‌ಗಳಲ್ಲಿ ಕಾಣುವುದೇ ಇಲ್ಲ. ಒಬ್ಬರು ಬರ್ಲಿನ್ನಿನ ವ್ಯಾಯಾಮ ಶಿಕ್ಷಕಿ ಎಲ್ಸಾ ಗಿಂಡ್ಲರ್. ನಿಂತಾಗ ನಿಂತಿರುವುದನ್ನು, ಉಸಿರಾಡುವಾಗ ಉಸಿರನ್ನು ತಿದ್ದದೆ ಗಮನಿಸಿ, ಅದೇ ಪಾಠ. ರೈಖ್ ಅವರ ಸಂಗಾತಿ, ನರ್ತಕಿ ಎಲ್ಸಾ ಲಿಂಡೆನ್‌ಬರ್ಗ್ ಇವರ ಹತ್ತಿರ ಕಲಿತವರು. ರೈಖ್ ಕಥೆ ಹೇಳುವವರು ಇದನ್ನು ಹೇಳುವುದು ಕಡಿಮೆ. ಇನ್ನೊಬ್ಬರು ಯೂಜಿನ್ ಜೆಂಡ್ಲಿನ್, ಶಿಕಾಗೋದಲ್ಲಿ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಜೊತೆಗಿದ್ದ ತತ್ತ್ವಶಾಸ್ತ್ರದವರು. ಕೆಲವರಿಗೆ ಥೆರಪಿ ಫಲಿಸುತ್ತದೆ, ಕೆಲವರಿಗೆ ಇಲ್ಲ, ಯಾಕೆ ಎಂದು ಅವರ ತಂಡ ಸೆಷನ್‌ಗಳ ಟೇಪ್ ಹಾಕಿ ಕೇಳಿತು. ಫಲ ಕಂಡವರ ಮಾತಿನ ರೀತಿಯೇ ಬೇರೆ ಇತ್ತು. ಅವರು ತಡವರಿಸುತ್ತಿದ್ದರು. "ಸಿಟ್ಟಲ್ಲ... ಇಲ್ಲಿ ಎದೆಯಲ್ಲಿ ಏನೋ... ಭಾರ ಅಂತಲೂ ಅಲ್ಲ..." ಎಂದು ಒಳಗೆ ತಡಕುತ್ತಾ ಮಾತು ಹುಡುಕುತ್ತಿದ್ದರು. ನೀಟಾಗಿ ಕಥೆ ಹೇಳಿದವರಿಗೆ ಫಲ ಕಡಿಮೆ. ಆ ತಡವರಿಕೆಯನ್ನೇ ಕಲಿಸಬಹುದು ಎಂದು ಅವರು ರೂಪಿಸಿದ್ದು ಫೋಕಸಿಂಗ್. ಅದರ ಪುಸ್ತಕ 1978ರಲ್ಲಿ ಬಂತು. ಇದಕ್ಕೆ ಸಮುದ್ರ ಬೇಡ, ಮ್ಯಾಟ್ ಬೇಡ, ಕುರ್ಚಿ ಸಾಕು.

ವಾಸ್ಕೋ ಪೋರಿ (ಗೋವಾ)

ಅಕ್ಕಾ, ಇದನ್ನು ಮುಂಚೆ ಓದಬೇಕಿತ್ತು. ನಾನು ಇಂಥದ್ದೇ ಒಂದಕ್ಕೆ ಹೋಗಿ ಬಂದೆ, ನಾರ್ತ್ ಗೋವಾ ಕಡೆ. ಹೆಸರು ಹೇಳಲ್ಲ. ಮಲಗಿಸಿ, ಡ್ರಮ್ ಮ್ಯೂಸಿಕ್ ಹಾಕಿ, ಬಾಯಿಂದ ಜೋರಾಗಿ, ಬಿಡದೆ ಉಸಿರಾಡಿ ಅಂದರು. ಸ್ವಲ್ಪ ಹೊತ್ತಿಗೆ ಬಾಯಿ ಸುತ್ತ ಜುಂ ಅಂತು. ಕೈಬೆರಳು ಸೊಟ್ಟಗಾಗಿ ಹಾಗೇ ಸೆಟೆದುಕೊಂಡವು, ಬಿಡಿಸೋಕೆ ಆಗ್ತಿಲ್ಲ. ನನಗೆ ಹೆದರಿಕೆ. ನಡೆಸುತ್ತಿದ್ದವರು ಬಂದು, "ಟ್ರಾಮಾ ಹೊರಗೆ ಹೋಗ್ತಾ ಇದೆ, ತಡೀಬೇಡ" ಅಂದರು. ಪಕ್ಕದಲ್ಲಿ ಒಬ್ಬರು ಜೋರಾಗಿ ಅಳುತ್ತಿದ್ದರು. ಮನೆಗೆ ಬಂದ ಮೇಲೆ ನಿದ್ದೆ ಇಲ್ಲ, ಹಳೇದೆಲ್ಲ ಕಣ್ಮುಂದೆ. ಫೋನ್ ಮಾಡಿದರೆ ಅಡ್ವಾನ್ಸ್ ಕೋರ್ಸ್ ಇದೆ, ಅದಕ್ಕೆ ಬನ್ನಿ ಅಂದರು. ನನ್ನ ಕೈಗೆ ಆಗಿದ್ದು ಏನು?

ಮುಲುಂಡ್ ಫಿಸಿಯೋ

ಇದಕ್ಕೆ ನಾನು ಉತ್ತರಿಸುತ್ತೇನೆ, ನನ್ನ ಇಲಾಖೆ. ತಂಗಿ, ನಿಮ್ಮ ಮೈಯಿಂದ ಹೊರಗೆ ಹೋಗಿದ್ದು ಕಾರ್ಬನ್ ಡೈಆಕ್ಸೈಡ್. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಅದು ಇಳಿಯುತ್ತದೆ, ರಕ್ತ ಕ್ಷಾರೀಯ ಆಗುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗಿ ನರಗಳು ವಿಪರೀತ ಚುರುಕಾಗುತ್ತವೆ. ತುಟಿ ಜುಂ ಅನ್ನುವುದು, ಬೆರಳು ಸೆಟೆಯುವುದು ಅದರಿಂದಲೇ. ಮೆದುಳಿನ ರಕ್ತನಾಳಗಳೂ ಕಿರಿದಾಗುತ್ತವೆ, ಅದಕ್ಕೇ ತಲೆ ತೇಲಿದ ಹಾಗೆ. ಯಾವ ನೋವೂ ಇಲ್ಲದ ಮನುಷ್ಯನನ್ನು ಮಲಗಿಸಿ ಹಾಗೇ ಉಸಿರಾಡಿಸಿದರೂ ಇದೇ ಆಗುತ್ತದೆ. ಸಹಜ ಉಸಿರಿಗೆ ಬಂದರೆ ತಾನಾಗಿಯೇ ಇಳಿಯುತ್ತದೆ.

ಸ್ತಾನಿಸ್ಲಾವ್ ಗ್ರೋಫ್ ಅವರ ಹೋಲೋಟ್ರೋಪಿಕ್ ಬ್ರೆತ್‌ವರ್ಕ್ ಈ ಜಾತಿಯದೇ. ಆದರೆ ಅವರ ನಿಯಮದಲ್ಲೇ ಹೃದಯದ ಕಾಯಿಲೆ, ತೀವ್ರ ಬಿಪಿ, ಮೂರ್ಛೆ ರೋಗ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರು, ಬಸುರಿಯರು, ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಮಾನಸಿಕ ಕಾಯಿಲೆ) ಆದವರು ಬೇಡ ಅಂತ ಇದೆ. ನಿಮಗೆ ಫಾರ್ಮ್ ತುಂಬಿಸಿದ್ದರಾ? ಒಬ್ಬರಾದರೂ ಕೇಳಿದ್ದರಾ?

ಇನ್ನೊಂದು ಮಾತು ಎಲ್ಲರಿಗೂ. ಎದೆ ಬಿಗಿತ, ಸುಸ್ತು, ಎದೆಬಡಿತ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್. ಆಮೇಲೆ ಥೆರಪಿ. ಉಲ್ಟಾ ಮಾಡಬೇಡಿ. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ.

ವಾಸ್ಕೋ ಪೋರಿ

ಯಾವ ಫಾರ್ಮೂ ಇಲ್ಲ ಸರ್. ಯುಪಿಐ ಸ್ಕ್ರೀನ್‌ಶಾಟ್ ಮಾತ್ರ ಕೇಳಿದ್ದು.

ಕೊತ್ರೂಡ್ ಅಕ್ಕ

ವಾಸ್ಕೋ ತಂಗಿ, ಹಳೆಯದು ಕಣ್ಮುಂದೆ ಬರುತ್ತಿದ್ದರೆ ಆ ಅಡ್ವಾನ್ಸ್ ಕೋರ್ಸ್ ಖಂಡಿತ ಬೇಡ. ಬಾಂಬೋಳಿಯಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ಐಪಿಎಚ್‌ಬಿ ಅಂತಾರೆ. ಅದರ ಓಪಿಡಿಗೆ ಹೋಗಿ. ಅಷ್ಟರಲ್ಲಿ ರಾತ್ರಿ ಜಾಸ್ತಿ ಕಷ್ಟ ಆದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, ಉಚಿತ, 24 ಗಂಟೆ. ಕನ್ನಡವೂ ಇದೆ. ಕಣ್ಣು ಮುಚ್ಚಿ ಧ್ಯಾನ ಮಾಡೋಕೆ ಸದ್ಯಕ್ಕೆ ಹೋಗಬೇಡಿ. ಕಣ್ಣು ತೆರೆದೇ ಇರಲಿ. ಕೋಣೆಯಲ್ಲಿ ಏನೇನಿದೆ ಎಂದು ನಿಧಾನವಾಗಿ ನೋಡಿ, ಕಾಲಿನಡಿ ನೆಲ ಗಟ್ಟಿ ಇದೆಯಾ ನೋಡಿ. ಸಾಕು.

ಬೆಳಗಾವಿ ಯೋಗಿ (ಪಿಂಪ್ರಿ)

ಮೇಡಂ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೈ ಗಮನಿಸೋದು, ಉಸಿರು ನೋಡೋದು, ಇದೆಲ್ಲ ನಮ್ಮ ಯೋಗದಾಗೇ ಐತಲ್ರಿ? ಬಿ.ಕೆ.ಎಸ್. ಅಯ್ಯಂಗಾರ್ ಗುರುಗಳು ನಮ್ಮ ಕೋಲಾರ ಜಿಲ್ಲಾ ಬೆಳ್ಳೂರಿನವರು. 1937ರಾಗ ಪುಣೆಗೆ ಬಂದವರು ಇಲ್ಲೇ ಉಳಿದು ಜಗತ್ತಿಗೆಲ್ಲ ಕಲಿಸಿದ್ರು. ಲೋನಾವಳಾದ ಕೈವಲ್ಯಧಾಮ 1924ರಿಂದ ಯೋಗದ ಮ್ಯಾಲೆ ಲ್ಯಾಬ್ ಇಟ್ಟು ಸಂಶೋಧನೆ ಮಾಡೈತಿ. ಮತ್ತ ಯಾಕ ಲೆವಿನ್, ಜೆಂಡ್ಲಿನ್?

ಕೊತ್ರೂಡ್ ಅಕ್ಕ

ಸಿಟ್ಟೇಕೆ ಸರ್, ಯೋಗ ಇಲ್ಲದಿದ್ದರೆ ಪಶ್ಚಿಮದವರೂ ಇಷ್ಟು ದೂರ ಬರುತ್ತಿರಲಿಲ್ಲ. ಆಘಾತದ ಮೇಲೆ ಕೆಲಸ ಮಾಡುವ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ತಂಡದ 2014ರ ಅಧ್ಯಯನವೇ ಯೋಗದ ಮೇಲಿನದು. ಬೇರೆ ಚಿಕಿತ್ಸೆಗೆ ಬಗ್ಗದ ಆಘಾತದ ತೊಂದರೆ ಇದ್ದ 64 ಹೆಂಗಸರು. 10 ವಾರದ ನಂತರ ಯೋಗ ಮಾಡಿದವರಲ್ಲಿ ಶೇ. 52 ಮಂದಿ ರೋಗದ ಮಾನದಂಡದಿಂದ ಹೊರಗೆ ಬಂದಿದ್ದರು. ಆರೋಗ್ಯ ಶಿಕ್ಷಣದ ಕ್ಲಾಸಿಗೆ ಮಾತ್ರ ಹೋದ ಗುಂಪಿನಲ್ಲಿ ಶೇ. 21.

ಆದರೆ ಅದು ನಾವು ಬೆಳಗ್ಗೆ ಪಾರ್ಕಿನಲ್ಲಿ ಮಾಡುವ ಯೋಗ ಅಲ್ಲ. ಟೀಚರ್ ಮೈಮುಟ್ಟಿ ಭಂಗಿ ತಿದ್ದುವುದಿಲ್ಲ. "ಕೈ ಎತ್ತಿ" ಅನ್ನುವುದಿಲ್ಲ, "ಬೇಕಿದ್ದರೆ ಕೈ ಎತ್ತಬಹುದು, ಬೇಡದಿದ್ದರೆ ಹಾಗೇ ಇರಿ" ಅನ್ನುತ್ತಾರೆ. ಹಿಂದೆಯಿಂದ ಬಂದು ನಿಲ್ಲುವುದಿಲ್ಲ. ಮೈಮೇಲಿನ ಹಕ್ಕನ್ನು ಯಾರೋ ಕಿತ್ತುಕೊಂಡಿದ್ದ ಹೆಂಗಸಿಗೆ ಭಂಗಿಗಿಂತ ಆ "ಬೇಡದಿದ್ದರೆ" ಮುಖ್ಯ. ನಮ್ಮ ಯೋಗ ಕ್ಲಾಸುಗಳಲ್ಲಿ ಗುರುಗಳಿಗೆ ಬೇಡ ಅನ್ನೋಕೆ ಬರುತ್ತಾ? ನನಗಂತೂ ಬಂದಿಲ್ಲ. ಚಿಕಿತ್ಸೆಯಲ್ಲಿ ಅದೇ ಮೊದಲ ಪಾಠ.

ಬೆಳಗಾವಿ ಯೋಗಿ

ಈ ಮಾತು ಒಪ್ಪಿದೆ. ನಾನೂ ಬೆನ್ನ ಮ್ಯಾಲೆ ಕೈ ಇಟ್ಟು ತಿದ್ದಾಂವನ. ಹೆಣ್ಮಕ್ಕಳಿಗೆ ಕೇಳಬೇಕು ಅನ್ನೋದು ನಮಗ ಯಾರೂ ಹೇಳಿಕೊಟ್ಟಿಲ್ಲ.

ದಾದರ್ ಲೇಡೀಸ್ ಡಬ್ಬಾ

ನನ್ನ ಪ್ರಶ್ನೆ ಬೇರೆ. ನಾನು ಡೊಂಬಿವಲಿಯಿಂದ ದಾದರ್‌ಗೆ ಲೋಕಲ್ ರೈಲಿನಲ್ಲಿ ದಿನಾ ಓಡಾಡುತ್ತೇನೆ. ಬೆಳಗ್ಗೆ ಡಬ್ಬಾದಲ್ಲಿ ಯಾರ ಕೈ ಯಾರದ್ದು ಅಂತಲೇ ಗೊತ್ತಾಗಲ್ಲ. ಬೆವರು, ಮೊಣಕೈ, ಒದ್ದೆ ಕೂದಲು ಮುಖಕ್ಕೆ. ಅಲ್ಲಿ ಮೈಯನ್ನು ಫೀಲ್ ಮಾಡ್ತಾ ಕೂತರೆ ಹುಚ್ಚು ಹಿಡಿಯುತ್ತೆ. ಮರಗಟ್ಟಿಸಿಕೊಂಡೇ ಬದುಕೋದು ನಾವು. ಮನೆಗೆ ಬಂದರೆ 1 ಬಿಎಚ್‌ಕೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳು. ಕೂತು ಉಸಿರು ನೋಡೋಕೆ ಬಾತ್‌ರೂಮ್ ಒಂದೇ ಜಾಗ, ಅದರಲ್ಲೂ ಯಾರಾದರೂ ಬಡೀತಾರೆ. ಇದೆಲ್ಲ ಸ್ವಲ್ಪ ಅನುಕೂಲಸ್ಥರ ಚಿಕಿತ್ಸೆ ಅಲ್ವಾ?

ಕೊತ್ರೂಡ್ ಅಕ್ಕ

ಫೀಸ್ ವಿಷಯದಲ್ಲಿ ಹೌದು, ಅನುಕೂಲಸ್ಥರದ್ದೇ. ಬಣ್ಣ ಹಚ್ಚಿ ಹೇಳಲಾರೆ. ಮುಂಬೈನಲ್ಲಿ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ, ಖರ್ಚು ತೀರಾ ಕಡಿಮೆ. ಆದರೆ ಅಲ್ಲಿನ ನೂಕುನುಗ್ಗಲಲ್ಲಿ ಒಂದೊಂದು ಗಂಟೆ ಕೂತು ಹೆಗಲು ಗಮನಿಸುವ ಪುರುಸೊತ್ತು ಡಾಕ್ಟರಿಗೆ ಎಲ್ಲಿಂದ ಬರಬೇಕು? ದೇವನಾರ್‌ನ ಟಿಸ್ (ಟಾಟಾ ಸಮಾಜ ವಿಜ್ಞಾನ) ಸಂಸ್ಥೆ 2012ರಿಂದ ಐಕಾಲ್ ಎಂಬ ಉಚಿತ ಫೋನ್ ಕೌನ್ಸೆಲಿಂಗ್ ನಡೆಸುತ್ತಿದೆ, ಅದನ್ನೂ ನೋಡಿ.

ಮರಗಟ್ಟಿಸಿಕೊಳ್ಳುವ ವಿಷಯಕ್ಕೆ ಬಂದರೆ, ಲೋಕಲ್‌ನಲ್ಲಿ ನೀವು ಮಾಡುತ್ತಿರುವುದು ಸರಿಯೇ ಇದೆ. ಅದೊಂದು ಕಸುಬು, ನಿಮ್ಮನ್ನು ಕಾಪಾಡುತ್ತಿದೆ. ಒಳ್ಳೆಯ ಥೆರಪಿಸ್ಟ್ ಯಾರೂ ಅದನ್ನು ಕಿತ್ತುಕೊಳ್ಳಲು ಬರುವುದಿಲ್ಲ. ಅವರು ಕೇಳುವುದು ಇಷ್ಟೇ. ರೈಲು ಇಳಿದ ಮೇಲೆ ಅದು ಬಿಡುತ್ತದೆಯೇ? ಮಗು ಬಂದು ತಬ್ಬಿಕೊಂಡಾಗ ಬೆಚ್ಚಗಿದೆ ಅನಿಸುತ್ತದೆಯೇ, ಅಥವಾ ಅಲ್ಲೂ ಮರಗಟ್ಟಿದೆಯೇ? ಬಿಡುತ್ತದೆ ಎಂದಾದರೆ ನಿಮಗೆ ಥೆರಪಿ ಬೇಕಿಲ್ಲ, ಸೀಟು ಬೇಕು ಅಷ್ಟೇ. ಬಿಡುತ್ತಿಲ್ಲ ಎಂದಾದರೆ ಅದರ ಮೇಲೆ ಕೆಲಸ ಮಾಡಬಹುದು. ಅದಕ್ಕೆ ಬೇರೆ ಕೋಣೆ ಬೇಕಿಲ್ಲ. ಪಾತ್ರೆ ತೊಳೆಯುವಾಗ ಕೈಗೆ ನೀರು ತಣ್ಣಗಿದೆಯಾ ಬೆಚ್ಚಗಿದೆಯಾ ಎಂದು ನೋಡುವುದರಿಂದಲೂ ಶುರು ಮಾಡುತ್ತಾರೆ.

ಮಾಟುಂಗಾ ಮಾವ

ಎಲ್ಲ ಓದಿದೆ ಮಾರಾಯ್ತಿ. ಹೋಟೆಲಿನ ಗಲ್ಲಾದಲ್ಲಿ ಕೂತು ಜನ್ಮ ಕಳೆದವ ನಾನು. ಬೆನ್ನು ಬಗ್ಗಿದ್ದು ಗಲ್ಲಾದಿಂದವೋ ಸಾಲದಿಂದವೋ ಗೊತ್ತಿಲ್ಲ! ಒಂದು ಕೇಳುತ್ತೇನೆ. ಈ ಚಿಕಿತ್ಸೆಯಲ್ಲಿ ಮೈ ಮುಟ್ಟುವುದುಂಟಾ? ನನ್ನ ಮೊಮ್ಮಗಳು ಹೋಗಬೇಕೆನ್ನುತ್ತಾಳೆ. ಅವಳ ಅಮ್ಮನಿಗೆ ಅದೇ ಹೆದರಿಕೆ.

ಕೊತ್ರೂಡ್ ಅಕ್ಕ

ಹೆದರಿಕೆ ಸರಿಯಾದದ್ದೇ ಮಾವ. ಕೆಲವು ಪದ್ಧತಿಗಳಲ್ಲಿ ಮುಟ್ಟುವುದುಂಟು. ನಾರ್ವೆಯ ಗೆರ್ಡಾ ಬೋಯೆಸೆನ್ ಅವರದ್ದು ಮಸಾಜ್‌ನಿಂದಲೇ ಬೆಳೆದ ಪದ್ಧತಿ. ಹೊಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಕರುಳಿನ ಗುಡುಗುಡು ಕೇಳುತ್ತಾ ಕೆಲಸ ಮಾಡುತ್ತಿದ್ದರು. ಫೋಕಸಿಂಗ್‌ನಲ್ಲಿ ಮುಟ್ಟುವ ಅಗತ್ಯವೇ ಇಲ್ಲ. ಮೈಯ ಅನುಭವ, ಚಲನೆ ಗಮನಿಸುವ ಪ್ಯಾಟ್ ಆಗ್ಡೆನ್ ಅವರ ಸೆನ್ಸರಿಮೋಟರ್ ಪದ್ಧತಿಯನ್ನೂ ಮುಟ್ಟದೆಯೇ ಮಾಡಬಹುದು. ಮುಟ್ಟುವವರು ಪ್ರತಿ ಸಲವೂ ಮೊದಲೇ ಕೇಳಬೇಕು. ಎಲ್ಲಿ, ಯಾಕೆ ಎಂದು ಹೇಳಬೇಕು. ಬೇಡ ಎಂದರೆ ಕಾರಣ ಕೇಳಬಾರದು. "ಬೇಡ ಅನ್ನುವುದೇ ನಿನ್ನ ಟ್ರಾಮಾ" ಎಂದು ಯಾರಾದರೂ ಹೇಳಿದರೆ ಅವಳು ಚಪ್ಪಲಿ ಹಾಕಿಕೊಂಡು ಹೊರಡಲಿ. ಬಟ್ಟೆ ಕಡಿಮೆ ಮಾಡಿ ಅನ್ನುವವರ ಹತ್ತಿರ ಕಾಲೇ ಇಡಬಾರದು.

ಓದು ಏನು ಎಂದೂ ಕೇಳಿ. ನಮ್ಮ ದೇಶದಲ್ಲಿ ಥೆರಪಿಸ್ಟ್ ಅಂತ ಬೋರ್ಡ್ ಹಾಕುವವರನ್ನು ತಡೆಯುವುದು ಕಷ್ಟ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಇರಬೇಕು, ಅದನ್ನು ಅವರ ವೆಬ್‌ಸೈಟಿನಲ್ಲಿ ಹುಡುಕಬಹುದು. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಸರ್ಟಿಫಿಕೇಟ್ ಸುಮಾರು 3 ವರ್ಷದ ತರಬೇತಿ. ಒಳ್ಳೆಯದೇ, ಆದರೆ ಅದಕ್ಕೆ ಬಾಡಿವರ್ಕ್ ಮಾಡುವವರೂ ಸೇರಬಹುದು. ಹಾಗಾಗಿ ಅದೊಂದೇ ಇದ್ದರೆ ಅವರು ಮನಃಶಾಸ್ತ್ರ ಓದಿದವರು ಎಂದಾಗುವುದಿಲ್ಲ. ಎರಡೂ ಇರುವವರನ್ನು ನೋಡಿ. ಮೊಮ್ಮಗಳು ಈಗ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾನಾಗಿ ನಿಲ್ಲಿಸಬಾರದು. ನಿಲ್ಲಿಸಿ ಬನ್ನಿ ಅನ್ನುವ ಥೆರಪಿಸ್ಟ್ ಇದ್ದರೆ ಅವರನ್ನೇ ನಿಲ್ಲಿಸಿ.

ಕಲ್ಯಾಣ್ ಲೋಕಲ್

ಮೇಡಂ, ಕೊನೆಗೆ ಒಂದು. ನನಗಲ್ಲ, ನನ್ನ ಫ್ರೆಂಡಿಗೆ. ಇದು ವಿಡಿಯೋ ಕಾಲ್‌ನಲ್ಲಿ ಆಗುತ್ತಾ? ಮೈ ಕಾಣಲ್ವಲ್ಲ.

ದಾದರ್ ಲೇಡೀಸ್ ಡಬ್ಬಾ

ಫ್ರೆಂಡಿಗಂತೆ! 😄

ಕೊತ್ರೂಡ್ ಅಕ್ಕ

ಆಗುತ್ತೆ, ಸ್ವಲ್ಪ ಏರ್ಪಾಡು ಬೇಕು. ಫೋನನ್ನು ಕೈಯಲ್ಲಿ ಹಿಡಿಯಬಾರದು. ಸೊಂಟದಿಂದ ಮೇಲೆ ಕಾಣುವಷ್ಟು ದೂರದಲ್ಲಿ ಇಡಬೇಕು, ಎರಡೂ ಪಾದ ನೆಲದ ಮೇಲೆ. ನೆಟ್ ಕಡಿದುಹೋದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಮಾತಾಗಿರಲಿ, ಯಾಕೆಂದರೆ ಕಷ್ಟದ ಮಾತಿನ ನಡುವೆ ಸ್ಕ್ರೀನ್ ನಿಂತರೆ ಆ ಮನುಷ್ಯ ಅಲ್ಲೇ ಒಂಟಿಯಾಗುತ್ತಾನೆ. ತೀವ್ರ ಆಘಾತ ಇರುವವರು, ಆತ್ಮಹತ್ಯೆ ಯೋಚನೆ ಬರುವವರು ವಿಡಿಯೋದಲ್ಲಿ ಶುರು ಮಾಡುವುದು ಬೇಡ, ಎದುರಿಗೇ ಹೋಗಲಿ. ಮನೆಯಲ್ಲಿ ಜಾಗ ಇಲ್ಲದೆ ಸೊಸೈಟಿ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಮಾತಾಡುವವರು ತುಂಬ ಜನ ಇದ್ದಾರೆ. ಅದೂ ಆಗುತ್ತೆ. ಮುಗಿದ ತಕ್ಷಣ ಗಾಡಿ ಓಡಿಸಬಾರದು, ಹತ್ತು ನಿಮಿಷ ಬಿಟ್ಟು ಹೊರಡಲಿ.

ಮಾಟುಂಗಾ ಮಾವ

ನಮ್ಮ ಬಿಲ್ಡಿಂಗಿಗೆ ಪಾರ್ಕಿಂಗೇ ಇಲ್ಲ.

ಕೊತ್ರೂಡ್ ಅಕ್ಕ

ಟೆರೇಸ್ ಕೀ ಸೆಕ್ರೆಟರಿ ಹತ್ತಿರ ಇರುತ್ತದಲ್ಲ ಮಾವ, ಕೇಳಿ ನೋಡಿ. ಮೊಮ್ಮಗಳಿಗೆ ಮೊದಲ ಭೇಟಿ ಮಾತ್ರ ಎದುರಿಗೇ ಆಗಲಿ, ಅವಳ ಅಮ್ಮ ಹೊರಗೆ ಕೂತಿರಲಿ. ಅವಳ ಮನೆ ಹತ್ತಿರ ಯಾವ ಥೆರಪಿಸ್ಟ್ ಸಿಗುತ್ತಾರೆ ಎಂದು ಖಾಸಗಿಯಾಗಿ ಮೆಸೇಜ್ ಮಾಡಿ ಕೇಳಿ, ನನಗೆ ಗೊತ್ತಿರುವವರನ್ನು ಹೇಳುತ್ತೇನೆ.